ಬಿಟ್ಟುಕೊಟ್ಟ ಮೂರು ಸ್ಥಾನ

1936ರ ಚುನಾವಣೆಯಲ್ಲಿ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನದ ಆಳುವ ಪಕ್ಷಕ್ಕೆ ಶಾಸನಸಭೆಯ 15 ಸ್ಥಾನಗಳಲ್ಲಿ 11 ಸಿಕ್ಕಿದ್ದವು. ಮೂರು ವರ್ಷ ಕಳೆದು 1939ರ ವಸಂತದಲ್ಲಿ ಹೊಸ ಸಭೆ ರಚನೆಯಾದಾಗ ಅದೇ ಪಕ್ಷದ ಸ್ಥಾನಗಳು 8ಕ್ಕೆ ಇಳಿದಿದ್ದವು. ನಡುವೆ ಆ ಪಕ್ಷ ಯಾವ ಚುನಾವಣೆಯಲ್ಲೂ ಸೋತಿರಲಿಲ್ಲ. ಮೂರು ಸ್ಥಾನಗಳನ್ನು ತಾನಾಗಿಯೇ ಎದುರಾಳಿ ಪಕ್ಷಕ್ಕೆ ಬಿಟ್ಟುಕೊಟ್ಟಿತ್ತು. ಗೆದ್ದವರು ಗೆದ್ದದ್ದನ್ನು ಹೀಗೆ ಬಿಟ್ಟುಕೊಡುವುದು ರಾಜಕೀಯದಲ್ಲಿ ಅಪರೂಪ. ಆ ಹೊತ್ತಿಗೆ ಸಂಸ್ಥಾನದ ಸರ್ಕಾರದ ಮುಖ್ಯಸ್ಥರಾಗಿದ್ದವರು ಯೋಸೆಫ್ ಹೋಪ್. 1928ರ ಆಗಸ್ಟ್‌ನಿಂದ 1945ರ ಸೆಪ್ಟೆಂಬರ್‌ವರೆಗೆ, ಸುಮಾರು 17 ವರ್ಷ, ಅವರು ಆ ಕುರ್ಚಿಯಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಜರ್ಮನಿಗೆ ಅಂಟಿಕೊಂಡೇ ಇದ್ದ ಈ ತುಂಡು ನೆಲ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಅದೃಷ್ಟ, ಇಲ್ಲವೇ ಸ್ವಿಟ್ಜರ್ಲೆಂಡಿನ ನೆರಳು. ಎರಡರಲ್ಲೂ ಸತ್ಯವಿದೆ. ಆದರೆ ಆ ಮೂರು ಸ್ಥಾನಗಳ ಲೆಕ್ಕ ಎರಡರಲ್ಲೂ ಬರುವುದಿಲ್ಲ. ಹೋಪ್ ಅವರ ಕಸುಬು ಏನಾಗಿತ್ತು, ಅದು ಯಾವುದನ್ನು ಉಳಿಸಿತು, ಯಾರನ್ನು ಉಳಿಸಲಿಲ್ಲ ಎಂಬುದು ಅರ್ಥವಾಗಬೇಕಾದರೆ ಆ ಲೆಕ್ಕದಿಂದಲೇ ಹೊರಡಬೇಕು ಎಂಬುದು ನನ್ನ ವಾದ.

ಮೊದಲು ನೆಲದ ಅಳತೆ. ಲಿಕ್ಟನ್‌ಸ್ಟೈನ್ 160 ಚದರ ಕಿಲೋಮೀಟರ್, ಅಂದರೆ ಇಂದಿನ ಬೆಂಗಳೂರು ನಗರದ ಕಾಲು ಭಾಗಕ್ಕೂ ಕಡಿಮೆ. ಪಶ್ಚಿಮಕ್ಕೆ ರೈನ್ ನದಿ, ಅದರಾಚೆ ಸ್ವಿಟ್ಜರ್ಲೆಂಡ್. ಪೂರ್ವಕ್ಕೆ ಆಲ್ಪ್ಸ್ ಬೆಟ್ಟಗಳು, ಅದರಾಚೆ ಆಸ್ಟ್ರಿಯ. 1930ರ ಸುಮಾರಿಗೆ ಅಲ್ಲಿದ್ದ ಜನ 10,000ದ ಆಸುಪಾಸು. ಊರುಗಳು 11. ಸೈನ್ಯ ಇರಲಿಲ್ಲ, 1868ರಲ್ಲೇ ವಿಸರ್ಜಿಸಿಯಾಗಿತ್ತು. ದೊರೆಗಳ ಮನೆತನ ಈ ನೆಲವನ್ನು ಕೊಂಡದ್ದು 1699ರಲ್ಲಿ ಮತ್ತು 1712ರಲ್ಲಿ, ಎರಡು ಕಂತಿನಲ್ಲಿ. ಆದರೆ ಅವರು ವಾಸವಿದ್ದದ್ದು ವಿಯೆನ್ನಾದಲ್ಲಿ, ಅವರ ಶ್ರೀಮಂತಿಕೆಯೆಲ್ಲ ಇದ್ದದ್ದು ಬೊಹೀಮಿಯ ಮತ್ತು ಮೊರಾವಿಯದ ಜಮೀನುಗಳಲ್ಲಿ. ಎರಡು ಶತಮಾನ ಈ ಸಂಸ್ಥಾನ ತನ್ನ ದೊರೆಯನ್ನು ಅಪರೂಪಕ್ಕೆ ಕಂಡ ಸಂಸ್ಥಾನ. ಆಡಳಿತ ನಡೆಸುತ್ತಿದ್ದವರು ಬಹುಪಾಲು ಹೊರಗಿನಿಂದ ಬಂದ ಅಧಿಕಾರಿಗಳು. 1921ರ ಸಂವಿಧಾನ ಇದನ್ನು ಬದಲಿಸಿತು. ಸರ್ಕಾರದ ಮುಖ್ಯಸ್ಥ ಆ ನೆಲದವನೇ ಆಗಿರಬೇಕು, ಲಾಂಡ್‌ಟಾಗ್ ಎನ್ನುವ ಶಾಸನಸಭೆ ಹೆಸರು ಸೂಚಿಸಬೇಕು, ದೊರೆ ನೇಮಿಸಬೇಕು. ಕನ್ನಡದ ಓದುಗರಿಗೆ ಇಲ್ಲಿ ದಿವಾನರ ನೆನಪಾಗುವುದು ಸಹಜ. ಹೆಚ್ಚುಕಡಿಮೆ ಹೋಪ್ ಅಧಿಕಾರದಲ್ಲಿದ್ದ ವರ್ಷಗಳಲ್ಲೇ, 1926ರಿಂದ 1941ರವರೆಗೆ, ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದರು. ಆದರೆ ಹೋಲಿಕೆ ಬಹಳ ದೂರ ಬರುವುದಿಲ್ಲ. ದಿವಾನ ಮಹಾರಾಜರ ವಿಶ್ವಾಸ ಉಳಿಸಿಕೊಂಡು, ಬ್ರಿಟಿಷ್ ರೆಸಿಡೆಂಟರ ಅಸಮಾಧಾನ ಕಟ್ಟಿಕೊಳ್ಳದಿದ್ದರೆ ಕೆಲಸ ನಡೆಯುತ್ತಿತ್ತು. ಹೋಪ್ ದೊರೆಯ ವಿಶ್ವಾಸ, ಸಭೆಯ ವಿಶ್ವಾಸ ಎರಡನ್ನೂ ಉಳಿಸಿಕೊಳ್ಳಬೇಕಿತ್ತು. ಮೇಲೆ ಕಾಯುವ ಸಾಮ್ರಾಜ್ಯವೂ ಇರಲಿಲ್ಲ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯದ ಸುಂಕ ಒಕ್ಕೂಟದಿಂದ ಹೊರಬಂದ ಸಂಸ್ಥಾನ 1924ರ ಜನವರಿಯಿಂದ ಸ್ವಿಟ್ಜರ್ಲೆಂಡಿನ ಸುಂಕ ವ್ಯವಸ್ಥೆಯೊಳಗೆ ಸೇರಿ, ಅದರ ಫ್ರಾಂಕನ್ನೇ ನಾಣ್ಯ ಮಾಡಿಕೊಂಡಿತ್ತು. ಅದು ವ್ಯಾಪಾರದ ಒಪ್ಪಂದ, ರಕ್ಷಣೆಯ ವಾಗ್ದಾನವಲ್ಲ. ಮುಂದಿನ ಕಥೆಯೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಹೋಪ್ ಹುಟ್ಟಿದ್ದು 1895ರಲ್ಲಿ, ಎಶೆನ್ ಎಂಬ ಹಳ್ಳಿಯಲ್ಲಿ. ಓದಿದ್ದು ಇನ್ಸ್‌ಬ್ರುಕ್‌ನಲ್ಲಿ, ಅದೂ ಪೌರ್ವಾತ್ಯ ಭಾಷೆಗಳನ್ನು. ಅಧಿಕಾರಕ್ಕೆ ಬಂದಾಗ ವಯಸ್ಸು 32. ಬಂದದ್ದು ಒಳ್ಳೆಯ ಗಳಿಗೆಯಲ್ಲಲ್ಲ. 1927ರ ಸೆಪ್ಟೆಂಬರ್ 25ರಂದು ಶಾನ್ ಊರಿನ ರೈಲು ಸೇತುವೆಯ ಬಳಿ ರೈನ್ ಒಡ್ಡು ಒಡೆದು, ತಗ್ಗಿನ ಹಳ್ಳಿಗಳ ಹೊಲಗಳ ಮೇಲೆ ಕಲ್ಲು, ಮರಳು, ಕೆಸರು ಹರಡಿತ್ತು. ಮರುವರ್ಷ ಹಲವು ದೇಶಗಳಿಂದ ಸ್ವಯಂಸೇವಕರು ಸಲಿಕೆ ಹಿಡಿದು ಬಂದು ಆ ಹೊಲಗಳನ್ನು ಕೆದಕಿ ಶುಚಿ ಮಾಡಬೇಕಾಯಿತು. ಅದೇ 1928ರಲ್ಲಿ ಸರ್ಕಾರಿ ಉಳಿತಾಯ ಬ್ಯಾಂಕಿನಲ್ಲಿ ಭಾರಿ ಹಣ ದುರುಪಯೋಗ ಆದದ್ದು ಬಯಲಾಗಿ, ಹಿಂದಿನ ಸರ್ಕಾರ ಉರುಳಿತು. ನೀರು ಕೊಂಡೊಯ್ದ ಮೇಲೆ ಉಳಿದದ್ದನ್ನು ಬ್ಯಾಂಕು ಕೊಂಡೊಯ್ದಿತ್ತು. ಆಮೇಲಿನ ವರ್ಷಗಳಲ್ಲಿ ಜಗತ್ತಿನ ಆರ್ಥಿಕ ಕುಸಿತ ಈ ಕಣಿವೆಗೂ ಬಂತು. ಹೋಪ್ ಸರ್ಕಾರದ ಉತ್ತರ ರೈನ್ ಪಕ್ಕದಲ್ಲೇ ತೋಡಿದ ಒಳನಾಡಿನ ಕಾಲುವೆ. 1931ರಲ್ಲಿ ಅಗೆತ ಶುರು, ಮುಗಿದದ್ದು 1943ರಲ್ಲಿ. ಹಿಂದೆ ನಿಂತವರು ಉಪಮುಖ್ಯಸ್ಥ ಆಂಟೊನ್ ಫ್ರೊಮೆಲ್ಟ್, ಕ್ಯಾಥೊಲಿಕ್ ಪಾದ್ರಿ. ಜೌಗು ಬತ್ತಿ ಬೇಸಾಯದ ಭೂಮಿಯಾಯಿತು. ಅದಕ್ಕಿಂತ ಮುಖ್ಯವಾಗಿ, ಕೆಲಸವಿಲ್ಲದ ಗಂಡಸರಿಗೆ ಕೂಲಿ ಸಿಕ್ಕಿತು. ಪಕ್ಕದ ಆಸ್ಟ್ರಿಯ ಜರ್ಮನಿಗೆ ಸೇರಿದ ಮೇಲೆ ಅಲ್ಲಿ ಕೆಲಸ ಉಂಟು, ಇಲ್ಲಿ ಇಲ್ಲ ಎಂಬ ಮಾತೇ ನಾಜಿ ಪ್ರಚಾರದ ಬಂಡವಾಳವಾಗಲಿತ್ತು. ಆ ಮಾತಿಗೆ ಯಾವ ಭಾಷಣಕ್ಕಿಂತ ಹೆಚ್ಚು ಗಟ್ಟಿಯಾದ ಜವಾಬು ಈ ಕಾಲುವೆ ಎಂದು ನಾನು ಎಣಿಸುತ್ತೇನೆ.

ಬರಿದಾದ ಬೊಕ್ಕಸ ತುಂಬಲು ಸಂಸ್ಥಾನ ಇನ್ನೊಂದು ದಾರಿಯನ್ನೂ ಹಿಡಿದಿತ್ತು. ಹಣವಂತ ವಿದೇಶಿಯರಿಗೆ ಶುಲ್ಕ ಪಡೆದು ಪೌರತ್ವ ಕೊಡುವುದು. ಹಾಗೆ 1931ರಲ್ಲಿ ಪೌರತ್ವ ಪಡೆದವರಲ್ಲಿ ಆಲ್ಫ್ರೆಡ್ ಮತ್ತು ಫ್ರಿಟ್ಸ್ ರೋಟರ್ ಇದ್ದರು. ಬರ್ಲಿನ್ನಿನಲ್ಲಿ ನಾಟಕಮಂದಿರಗಳನ್ನು ನಡೆಸುತ್ತಿದ್ದ ಯಹೂದಿ ಸಹೋದರರು. 1933ರ ಜನವರಿಯಲ್ಲಿ ಅವರ ವ್ಯವಹಾರ ದಿವಾಳಿಯೆದ್ದಿತು, ಅದೇ ತಿಂಗಳು ಹಿಟ್ಲರ್ ಅಧಿಕಾರಕ್ಕೆ ಬಂದ, ಸಹೋದರರು ತಮ್ಮ ಹೊಸ ನಾಡಿಗೆ ಓಡಿಬಂದರು. ಏಪ್ರಿಲ್ 5ರಂದು ಸ್ಥಳೀಯ ನಾಜಿ ಒಲವಿನ ಕೆಲವರು, ಜರ್ಮನಿಯಿಂದ ಬಂದ ಸಹಚರರ ಜೊತೆ ಸೇರಿ, ಅವರನ್ನು ಬೆಟ್ಟದ ಮೇಲಿನ ಗಾಫ್ಲೈ ಎಂಬಲ್ಲಿಂದ ಅಪಹರಿಸಿ ಗಡಿ ದಾಟಿಸಲು ನೋಡಿದರು. ತಪ್ಪಿಸಿಕೊಳ್ಳಲು ಓಡಿದ ಆಲ್ಫ್ರೆಡ್ ಮತ್ತು ಅವರ ಹೆಂಡತಿ ಗೆರ್ಟ್ರೂಡ್ ಕಡಿದಾದ ಬಂಡೆಯಿಂದ ಬಿದ್ದು ಸತ್ತರು. ಫ್ರಿಟ್ಸ್ ಗಾಯಗೊಂಡು ಬದುಕಿದರು. ಸ್ಥಳೀಯ ಅಪರಾಧಿಗಳನ್ನು ರಾಜಧಾನಿ ವಾಡುಟ್ಸ್‌ನ ನ್ಯಾಯಾಲಯ ವಿಚಾರಿಸಿತು, ಶಿಕ್ಷೆಯನ್ನೂ ಕೊಟ್ಟಿತು. ಆದರೆ ಇಬ್ಬರ ಸಾವಿಗೆ ಕಾರಣವಾದ ಕೃತ್ಯಕ್ಕೆ ಆ ಶಿಕ್ಷೆ ತೀರಾ ಹಗುರ. ಹೋಪ್ ಅವರ ಬದುಕನ್ನು ಮೆಚ್ಚಿ ಬರೆಯುವವರು ಈ ಪುಟವನ್ನು ಬೇಗ ಮಗುಚುತ್ತಾರೆ. ಅದು ತಪ್ಪು. ನ್ಯಾಯಾಲಯದ ತೀರ್ಪು ಸರ್ಕಾರದ ಮುಖ್ಯಸ್ಥನದ್ದಲ್ಲ, ನಿಜ. ಆದರೆ ಹಣ ಪಡೆದು ಪೌರತ್ವ ಕೊಟ್ಟ ಸರ್ಕಾರಕ್ಕೆ ಆ ಪೌರನನ್ನು ಕಾಯುವ ಹೊಣೆಯೂ ಬರುತ್ತದೆ. ತಮ್ಮ ಊರಿನ ಹುಡುಗರನ್ನು ಹೆಚ್ಚು ದಂಡಿಸಬಾರದು, ಪಕ್ಕದ ಜರ್ಮನಿಯನ್ನು ಕೆಣಕಬಾರದು ಎಂಬ ಹವೆಯಲ್ಲಿ ಆ ಹೊಣೆ ಕರಗಿಹೋಯಿತು. ತಳಮಳ ತಣಿಯಲಿ, ಗಲಾಟೆ ಬೇಡ ಎನ್ನುವ ಈ ಸ್ವಭಾವವೇ ಐದು ವರ್ಷಗಳ ಮೇಲೆ ಸಂಸ್ಥಾನವನ್ನು ಉಳಿಸಿತು ಎಂಬುದು ಇದೇ ಇತಿಹಾಸದ ಭಾಗ. ಒಂದನ್ನು ಹೇಳುವಾಗ ಇನ್ನೊಂದನ್ನು ಮರೆಮಾಡುವಂತಿಲ್ಲ.

1938ರ ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯಕ್ಕೆ ನುಗ್ಗಿತು. ಹಿಂದಿನ ದಿನದವರೆಗೆ ಪೂರ್ವಕ್ಕಿದ್ದ ಬಡ ನೆರೆಯ ಜಾಗದಲ್ಲಿ ಈಗ ಹಿಟ್ಲರನ ಜರ್ಮನಿ ಬಂದು ಕೂತಿತ್ತು. ಗಡಿಯಾಚೆಯ ಫೆಲ್ಡ್‌ಕಿರ್ಖ್ ಪಟ್ಟಣದಿಂದ ವಾಡುಟ್ಸ್‌ಗೆ ನಡೆದೇ ಬರಬಹುದು. ದೊರೆ ಒಂದನೇ ಫ್ರಾನ್ಸ್ 84ರ ಮುದುಕರು. ಅವರ ಪತ್ನಿ ಯಹೂದಿ ಮೂಲದವರು, ನಾಜಿಗಳ ಬೈಗುಳಕ್ಕೆ ಗುರಿಯಾಗಿದ್ದವರು. ಸಂಸ್ಥಾನದೊಳಗೆ ಜರ್ಮನಿಗೆ ಸೇರೋಣ ಎನ್ನುವ ಗುಂಪು ಕೂಡಲೇ ಸಂಘಟನೆ ಕಟ್ಟಿತು. ಆಮೇಲಿನ ತಿಂಗಳುಗಳಲ್ಲಿ ನಡೆದದ್ದನ್ನು ಸಾಲಾಗಿ ಇಟ್ಟು ನೋಡಬೇಕು. ದೊರೆ ಆಡಳಿತದ ಹೊಣೆಯನ್ನು ತಮ್ಮ ಮನೆತನದ 31 ವರ್ಷದ ಫ್ರಾನ್ಸ್ ಯೋಸೆಫ್ ಅವರಿಗೆ ವಹಿಸಿದರು. ಜುಲೈನಲ್ಲಿ ಹಳೆಯ ದೊರೆ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಈ ಹೊಸ ದೊರೆ ವಿಯೆನ್ನಾ ಬಿಟ್ಟು ವಾಡುಟ್ಸ್ ಕೋಟೆಗೆ ಬಂದು ನೆಲೆಸಿದರು, ಹಾಗೆ ನೆಲೆಸಿದವರಲ್ಲಿ ಮೊದಲಿಗರು. ಹೋಪ್ ಅವರ ಪ್ರಗತಿಪರ ನಾಗರಿಕ ಪಕ್ಷ, ಸಭೆಯಲ್ಲಿ 11 ಸ್ಥಾನ ಇದ್ದರೂ, ಕೇವಲ 4 ಸ್ಥಾನವಿದ್ದ ಎದುರಾಳಿ ಪಿತೃಭೂಮಿ ಒಕ್ಕೂಟವನ್ನು ಸರ್ಕಾರಕ್ಕೆ ಕರೆಯಿತು. ಆ ಪಕ್ಷದ ಅಲೋಯಿಸ್ ಫೋಗ್ಟ್ ಉಪಮುಖ್ಯಸ್ಥರಾದರು; ಅವರಿಗೆ ಜಾಗ ಮಾಡಿಕೊಡಲು ಫ್ರೊಮೆಲ್ಟ್ ಆ ಹುದ್ದೆಯಿಂದ ಕೆಳಗಿಳಿದು ಸರ್ಕಾರದ ಸದಸ್ಯರಾಗಿ ಉಳಿದರು. ವಿರೋಧ ಪಕ್ಷ ಬಹುಕಾಲದಿಂದ ಕೇಳುತ್ತಿದ್ದ, ಆಳುವ ಪಕ್ಷ ಒಲ್ಲೆ ಎನ್ನುತ್ತಿದ್ದ ಪ್ರಮಾಣಾನುಗುಣ ಚುನಾವಣಾ ಪದ್ಧತಿಯನ್ನು 1939ರ ಜನವರಿಯಲ್ಲಿ ಕಾನೂನು ಮಾಡಲಾಯಿತು. ಏಪ್ರಿಲ್‌ನಲ್ಲಿ ಎರಡೂ ಪಕ್ಷ ಮೊದಲೇ ಹಂಚಿಕೊಂಡ ಪಟ್ಟಿ ಮುಂದಿಟ್ಟವು, 8 ಮತ್ತು 7. ಮತದಾನ ನಡೆಯಲೇ ಇಲ್ಲ. ಅಲ್ಲಿನವರು ಅದನ್ನು ಮೌನ ಚುನಾವಣೆ ಎಂದು ಕರೆದರು.

ಇದರಲ್ಲಿ ಅಪಾಯವಿರಲಿಲ್ಲವೇ? ಬಹಳವಿತ್ತು. ಪಿತೃಭೂಮಿ ಒಕ್ಕೂಟದ ಒಂದು ಬೇರು 1933ರಲ್ಲಿ ಹುಟ್ಟಿದ, ಸಂಸದೀಯ ಪದ್ಧತಿಯನ್ನೇ ಹೀಗಳೆಯುತ್ತಿದ್ದ ಒಂದು ಚಳವಳಿಯಲ್ಲಿತ್ತು. ಫೋಗ್ಟ್ ಅವರೂ ಅಲ್ಲಿಂದ ಬಂದವರೇ, ಜರ್ಮನ್ ಕಚೇರಿಗಳ ಜೊತೆ ಸಂಪರ್ಕ ಇಟ್ಟುಕೊಂಡವರೇ. ಇಂಥವರನ್ನು ಒಳಗೆ ಕರೆದು ಕೂರಿಸಿದರೆ ಬೇಲಿಯೇ ಎದ್ದು ಹೊಲ ಮೇಯುವುದಿಲ್ಲವೇ ಎಂಬುದು ಅಂದಿನವರ ಆತಂಕ, ಇಂದಿನ ಇತಿಹಾಸಕಾರರ ಆಕ್ಷೇಪ. ಆದರೆ ಅವರು ಹೊರಗೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳಬೇಕು. ಆಸ್ಟ್ರಿಯದಲ್ಲಿ ಹಿಟ್ಲರ್ ಬಳಸಿದ ದಾರಿ ಕಣ್ಣೆದುರಿಗಿತ್ತು: ಒಳಗಿನ ಅಸಮಾಧಾನಕ್ಕೆ ಗಾಳಿ ಹಾಕು, ಗಲಭೆ ಎಬ್ಬಿಸು, ಆಮೇಲೆ ಶಾಂತಿ ಕಾಪಾಡುವ ನೆಪದಲ್ಲಿ ಬಾ. ಸಂಸ್ಥಾನದ ಬಹುದೊಡ್ಡ ಅಸಮಾಧಾನ ಅಧಿಕಾರದಿಂದ ದೂರ ಉಳಿದ ಪಕ್ಷದ್ದೇ. ನಾಲ್ಕು ಸ್ಥಾನ ಹಿಡಿದುಕೊಂಡು ಕುದಿಯುತ್ತಿದ್ದ ಆ ಪಕ್ಷ ನಾಜಿ ಗುಂಪಿನ ಜೊತೆ ಕೈಜೋಡಿಸಿದ್ದರೆ, ಜನರ ದೊಡ್ಡ ಪಾಲು ಸೇರ್ಪಡೆಯನ್ನು ಬಯಸುತ್ತಿದೆ ಎಂದು ಜಗತ್ತಿಗೆ ತೋರಿಸುವುದು ಕಷ್ಟವಾಗುತ್ತಿರಲಿಲ್ಲ. ಅಧಿಕಾರದಲ್ಲಿ ಪಾಲು ಸಿಕ್ಕ ಮೇಲೆ ಅವರಿಗೆ ಸಂಸ್ಥಾನ ಉಳಿಯುವುದರಲ್ಲೇ ಲಾಭ. ಗೆದ್ದವರು ಮೂರು ಸ್ಥಾನ ಬಿಟ್ಟುಕೊಟ್ಟದ್ದರಿಂದ ನಾಜಿ ಗುಂಪು ಒಂಟಿಯಾಯಿತು.

ಅದು ಎಷ್ಟು ಒಂಟಿಯಾಗಿತ್ತು ಎಂಬುದು ಮೌನ ಚುನಾವಣೆಗೂ ಮೊದಲೇ, 1939ರ ಮಾರ್ಚ್ 24ರ ರಾತ್ರಿ ಕಂಡಿತು. ಮೂರು ವಾರ ಮೊದಲು ಫ್ರಾನ್ಸ್ ಯೋಸೆಫ್, ಹೋಪ್ ಮತ್ತು ಫೋಗ್ಟ್ ಬರ್ಲಿನ್ನಿಗೆ ಹೋಗಿ ಹಿಟ್ಲರನನ್ನು ಕಂಡು, ಸೌಜನ್ಯದ ಮಾತಾಡಿ, ಯಾವ ಕಾಗದಕ್ಕೂ ಸಹಿ ಹಾಕದೆ ಮರಳಿದ್ದರು. ಮಾರ್ಚ್ 15ಕ್ಕೆ ಜರ್ಮನ್ ಸೇನೆ ಪ್ರಾಗ್ ಸೇರಿತು. ಒಂಬತ್ತು ದಿನ ಕಳೆದು ನೆಂಡೆಲ್ನ್ ಹಳ್ಳಿಯಿಂದ ನಾಜಿ ಗುಂಪಿನ ಕೆಲವು ಡಜನ್ ಗಂಡಸರು ವಾಡುಟ್ಸ್ ಕಡೆ ಹೊರಟರು. ದಾರಿಯಲ್ಲಿ ಜಗಳ ತೆಗೆಯುವುದು, ಆ ನೆಪದಲ್ಲಿ ಗಡಿಯಾಚೆ ಫೆಲ್ಡ್‌ಕಿರ್ಖ್‌ನಲ್ಲಿ ಸಿದ್ಧವಿದ್ದ ಜರ್ಮನ್ ತಂಡಗಳನ್ನು ಕರೆಸುವುದು ಯೋಜನೆ. ಶಾನ್ ಊರಿನಲ್ಲಿ ಅವರಿಗೆ ಎದುರಾದದ್ದು ಬಂದೂಕಲ್ಲ, ಊರಿನ ಜನ, ಮತ್ತು ಪಾದ್ರಿ ಫ್ರೊಮೆಲ್ಟ್. ಎಲ್ಲರಿಗೂ ಎಲ್ಲರ ಮನೆ ಗೊತ್ತಿದ್ದ ಊರು ಅದು. ಮೆರವಣಿಗೆಯವರ ಅಪ್ಪಂದಿರ ಹೆಸರು ಹಿಡಿದು ಕರೆಯಬಲ್ಲ ಜನ. ಜಗಳವೇಳದಂತೆ ತಡೆದು, ಮಾತಿನಲ್ಲೇ ನಿಲ್ಲಿಸಿ, ಮರಳಿ ಕಳಿಸಿದರು. ಫೆಲ್ಡ್‌ಕಿರ್ಖ್‌ನವರಿಗೆ ಬರ್ಲಿನ್ನಿನ ಅಪ್ಪಣೆ ಇರಲಿಲ್ಲ, ಅವರು ಬರಲಿಲ್ಲ. ರಕ್ತ ಹರಿಯಲಿಲ್ಲ. ಅಪ್ಪಣೆ ಇಲ್ಲದೆಯೂ ಒಂದು ಹೆಣ ಬಿದ್ದಿದ್ದರೆ ಅಪ್ಪಣೆ ತಾನಾಗಿ ಬರುತ್ತಿತ್ತು ಎಂದು ನಂಬಲು ಆ ತಿಂಗಳ ಪ್ರಾಗ್ ಸಾಕ್ಷಿಯೇ ಸಾಕು. ಆಮೇಲೆ ನಡೆದ ಸಹಿ ಸಂಗ್ರಹದಲ್ಲಿ ಮತದಾರರ ಬಹುದೊಡ್ಡ ಪಾಲು ಸ್ವತಂತ್ರವಾಗಿಯೇ ಉಳಿಯೋಣ ಎಂದು ಬರೆದುಕೊಟ್ಟಿತು. ಮತದಾರರು ಎಂದರೆ ಗಂಡಸರು ಮಾತ್ರ. ಅಲ್ಲಿನ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದು 1984ರಲ್ಲಿ.

ಹಿಟ್ಲರನಿಗೆ ಈ ನೆಲ ಬೇಕಾಗಿರಲಿಲ್ಲ, ಸ್ವಿಟ್ಜರ್ಲೆಂಡಿನ ಜೊತೆ ಇಂಥ ಸಣ್ಣ ವಿಷಯಕ್ಕೆ ಕದನ ತೆಗೆಯಲು ಮನಸ್ಸಿರಲಿಲ್ಲ, ಹಾಗಾಗಿ ಉಳಿಯಿತು. ಹೋಪ್ ಇರಲಿ ಬಿಡಲಿ ಫಲ ಒಂದೇ, ಎಂಬುದು ಬಲವಾದ ಆಕ್ಷೇಪ. ಬರ್ಲಿನ್ ನಿರ್ಧರಿಸಿದ್ದರೆ ಯಾವ ಮುಖ್ಯಸ್ಥನೂ ತಡೆಯಲಾಗುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಒಂದು ಬೆಳಗಿನ ಕೆಲಸ ಅದು. ಆದರೆ ಬೇಡವಾಗಿದ್ದ ನೆಲ ಕೈಗೆ ತಾನಾಗಿ ಬಂದರೆ ಬೇಡವೆನ್ನುವ ಆಡಳಿತವಲ್ಲ ಅದು. ಹಾಗಾಗಿ ನಿಜವಾದ ಅಪಾಯ ಗಡಿಯಾಚೆಯ ಸೈನ್ಯಕ್ಕಿಂತ ಒಳಗಿನಿಂದ ಹೋಗುವ ಕರೆಯಲ್ಲಿತ್ತು. ಆ ಕರೆ ಹೋಗದಂತೆ ನೋಡಿಕೊಳ್ಳುವುದಷ್ಟೇ ಸಂಸ್ಥಾನದ ಕೈಯಲ್ಲಿದ್ದ ಕೆಲಸ. ಸ್ವಿಟ್ಜರ್ಲೆಂಡಿನ ನೆರಳಿನ ವಿಷಯವೂ ಹೀಗೆಯೇ. ಸುಂಕದ ಒಪ್ಪಂದ ಬಿಟ್ಟು ಜರ್ಮನಿಯ ಜೊತೆ ಮಾಡಿಕೊಳ್ಳೋಣ ಎಂಬುದೇ ನಾಜಿ ಗುಂಪಿನ ಮೊದಲ ಬೇಡಿಕೆ. ಹೋಪ್ ಬರ್ಲಿನ್ನಿಗೆ ಸ್ನೇಹದ ಮಾತು ಕೊಟ್ಟರು, ಒಪ್ಪಂದವನ್ನು ಮಾತ್ರ ಕೊಡಲಿಲ್ಲ. ನೆರಳು ತಾನಾಗಿ ಬೀಳುತ್ತದೆ. ಅದರ ಕೆಳಗೆ ನಿಂತಿರುವ ತೀರ್ಮಾನವನ್ನು ಯಾರಾದರೂ ತೆಗೆದುಕೊಳ್ಳಬೇಕಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆ ಇದೆ. ಈ ಉಳಿವಿಗೆ ತೆತ್ತವರು ಯಾರು? ಮತದಾನವಿಲ್ಲದ ಚುನಾವಣೆ ಆಯಿತು. ಆ ಸಭೆಯ ಅವಧಿ ಮುಗಿದಾಗ, 1943ರಲ್ಲಿ, ಚುನಾವಣೆಯನ್ನೇ ಮುಂದೂಡಿ ದೊರೆಯ ಆಜ್ಞೆಯಿಂದ ಅವಧಿ ವಿಸ್ತರಿಸಲಾಯಿತು. ಯುದ್ಧದ ನಡುವೆ ಚುನಾವಣಾ ಪ್ರಚಾರ ನಾಜಿ ಗುಂಪಿಗೆ ವೇದಿಕೆಯಾಗುತ್ತಿತ್ತು ಎಂಬ ಸಮರ್ಥನೆಯನ್ನು ನಾನು ಒಪ್ಪುತ್ತೇನೆ, ಜೊತೆಗೆ ಆರು ವರ್ಷ ಜನರನ್ನು ಕೇಳದೇ ಆಳಿದ್ದು ಪ್ರಜಾಪ್ರಭುತ್ವದ ನಷ್ಟವೇ ಎಂದೂ ಹೇಳುತ್ತೇನೆ. ನಿರಾಶ್ರಿತರ ವಿಷಯದಲ್ಲಿ ಸಮರ್ಥನೆ ಇನ್ನೂ ತೆಳು. 1938ರಿಂದ ಆಸ್ಟ್ರಿಯದ ಯಹೂದಿಗಳು ಈ ಗಡಿಗೆ ಬಂದರು. ಕೆಲವು ನೂರು ಜನರಿಗೆ ಆಶ್ರಯ ಸಿಕ್ಕಿತು, ಠೇವಣಿ ಇಡಬಲ್ಲವರಿಗೆ ಹೆಚ್ಚು ಸುಲಭವಾಗಿ. ಗಡಿಯಿಂದ ಮರಳಿ ಕಳಿಸಲ್ಪಟ್ಟವರೂ ಇದ್ದರು. ಗಡಿ ಕಾಯುತ್ತಿದ್ದವರು ಸ್ವಿಸ್ ಕಾವಲುಗಾರರು, ಬಿಗಿ ಮಾಡಿ ಎಂದು ಒತ್ತಾಯಿಸಿದ್ದು ಸ್ವಿಟ್ಜರ್ಲೆಂಡ್ ಎಂಬುದು ನಿಜ. ಆದರೂ ಸಂಸ್ಥಾನದ ಕಚೇರಿಯಲ್ಲಿ ಅರ್ಜಿಗಳು ಬಿದ್ದಿದ್ದವು, ಅವುಗಳ ಮೇಲೆ ಇಲ್ಲ ಎಂದು ಬರೆದ ಕೈಗಳು ಅಲ್ಲಿನವೇ. ಯುದ್ಧಕಾಲದಲ್ಲಿ ಶುರುವಾದ ಕೆಲವು ಕಾರ್ಖಾನೆಗಳು ಜರ್ಮನಿಯ ಯುದ್ಧೋದ್ಯಮಕ್ಕೆ ಮಾಲು ತಯಾರಿಸಿದವು. 2001ರಲ್ಲಿ ಸರ್ಕಾರವೇ ನೇಮಿಸಿದ, ಪೀಟರ್ ಗೈಗರ್ ಅಧ್ಯಕ್ಷತೆಯ ಸ್ವತಂತ್ರ ಇತಿಹಾಸಕಾರರ ಆಯೋಗ ಇವನ್ನೆಲ್ಲ ಬಗೆದು 2005ರಲ್ಲಿ ವರದಿ ಕೊಟ್ಟಿತು. ಅಷ್ಟು ಸಣ್ಣ ನಾಡು ತನ್ನ ಹಳೆಯ ಕಡತಗಳನ್ನು ಹಾಗೆ ತೆರೆದದ್ದು ದೊಡ್ಡ ಮಾತು.

ಕೊನೆಯ ಅಧ್ಯಾಯ 1945ರ ಮೇ. ಆ ವಸಂತದಲ್ಲಿ ಕುಸಿಯುತ್ತಿದ್ದ ಜರ್ಮನಿಯಿಂದ ಸಾವಿರಾರು ಜನ ಶಾನ್‌ವಾಲ್ಡ್ ಗಡಿಗೆ ಬಂದು, ಸಂಸ್ಥಾನದ ಮೂಲಕ ಸ್ವಿಟ್ಜರ್ಲೆಂಡಿಗೆ ಹಾದುಹೋದರು. ಮೇ 2ರ ರಾತ್ರಿ ಕಳೆದು 3 ಹುಟ್ಟುವ ಹೊತ್ತಿಗೆ, ಶೆಲೆನ್‌ಬರ್ಗ್ ಬೆಟ್ಟದ ದಾರಿಯಲ್ಲಿ ಇನ್ನೊಂದು ಗುಂಪು ಒಳಬಂತು: ಜನರಲ್ ಬೋರಿಸ್ ಸ್ಮಿಸ್ಲೋವ್ಸ್ಕಿ ಅವರ ಹಿಂದೆ ಸುಮಾರು 500 ರಷ್ಯನ್ನರು, ಹೆಂಗಸರು ಮಕ್ಕಳೂ ಸೇರಿ. ಅವರು ಜರ್ಮನ್ ಸೇನೆಯ ಸಮವಸ್ತ್ರದಲ್ಲಿ ಸೋವಿಯತ್ ವಿರುದ್ಧ ಹೋರಾಡಿದವರು. ಯಾಲ್ಟಾ ಒಪ್ಪಂದದ ಪ್ರಕಾರ ಮಿತ್ರರಾಷ್ಟ್ರಗಳು ಇಂಥವರನ್ನು ಸ್ಟಾಲಿನ್ನನ ಕೈಗೆ ಒಪ್ಪಿಸುತ್ತಿದ್ದವು. ಲಿಕ್ಟನ್‌ಸ್ಟೈನ್ ಆಯುಧ ಇಳಿಸಿಕೊಂಡು, ಮೊದಲು ರುಗೆಲ್ ಹಳ್ಳಿಯಲ್ಲಿ ಅವರನ್ನು ಇರಿಸಿತು, ಒಪ್ಪಿಸಲಿಲ್ಲ. ಇಲ್ಲಿ ಒಂದು ಆಕ್ಷೇಪ ಎದೆಗೆ ನಾಟುವಂಥದ್ದು: ಜರ್ಮನಿಯ ಪರ ಬಂದೂಕು ಹಿಡಿದವರಿಗೆ ತೆರೆದ ಬಾಗಿಲು, ಅದೇ ಜರ್ಮನಿಯಿಂದ ಜೀವ ಉಳಿಸಿಕೊಳ್ಳಲು ಬಂದ ಯಹೂದಿಗಳಿಗೆ ಏಕೆ ಅಷ್ಟು ಅಗಲವಾಗಿ ತೆರೆಯಲಿಲ್ಲ? ಕ್ಯಾಥೊಲಿಕ್ ನಾಡಿನ ಕಮ್ಯುನಿಸ್ಟ್ ವಿರೋಧ ಒಂದು ಕಾರಣ. 1945ರಲ್ಲಿ ಹಾಗೆ ಮಾಡಿದರೆ ಪಕ್ಕದ ಜರ್ಮನಿಯ ಭಯವಿರಲಿಲ್ಲ ಎಂಬುದು ಇನ್ನೊಂದು. ಧೈರ್ಯಕ್ಕೂ ಅನುಕೂಲದ ಗಳಿಗೆ ಬೇಕಿತ್ತು. ಅದನ್ನು ಒಪ್ಪಿದ ಮೇಲೂ ಮಾಡಿದ ಕೆಲಸ ಚಿಕ್ಕದಾಗುವುದಿಲ್ಲ. ಯುದ್ಧ ಗೆದ್ದ ಸೋವಿಯತ್ ಒಕ್ಕೂಟದ ಎದುರು, ಸೈನ್ಯವಿಲ್ಲದ ಈ ನಾಡು, ಒಲ್ಲದವರನ್ನು ಕಳಿಸುವುದಿಲ್ಲ ಎಂದಿತು. ದೊಡ್ಡ ರಾಷ್ಟ್ರಗಳು ಆ ಮಾತು ಆಡಲಿಲ್ಲ.

ಆಗಸ್ಟ್ ಮಧ್ಯದಲ್ಲಿ ಸೋವಿಯತ್ ಆಯೋಗ ವಾಡುಟ್ಸ್‌ಗೆ ಬಂದು ಮರಳಿ ಬನ್ನಿ ಎಂದು ಒಲಿಸಿತು. ಸುಮಾರು 200 ಜನ ಹೊರಟುಹೋದರು. ಹೋದವರಲ್ಲಿ ಹೆಚ್ಚಿನವರ ಸುದ್ದಿ ಮತ್ತೆ ಬರಲಿಲ್ಲ. ಸೆಪ್ಟೆಂಬರ್ 3ರಂದು ಹೋಪ್ ಅಧಿಕಾರ ಬಿಟ್ಟರು, ಆಗ ಅವರಿಗೆ 49. ಮುಂದೆ ಕಾನೂನು ಓದಿ ವಕೀಲರಾದರು, ಲಾಂಡ್‌ಟಾಗ್‌ಗೂ ಮರಳಿದರು, 1959ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದ ಅಲೆಕ್ಸಾಂಡರ್ ಫ್ರಿಕ್ ಉಳಿದ ರಷ್ಯನ್ನರನ್ನೂ ಕೊಡಲಿಲ್ಲ. 1946ರಲ್ಲಿ ಮಾರ್ಚ್ 24ರ ಮೆರವಣಿಗೆಯವರು ವಾಡುಟ್ಸ್‌ನ ನ್ಯಾಯಾಲಯದ ಮುಂದೆ ನಿಂತರು. 1947ರಲ್ಲಿ ಸುಮಾರು 100 ರಷ್ಯನ್ನರು ಅರ್ಜೆಂಟೀನಾಕ್ಕೆ ಹೊರಟರು; ಅವರ ಎರಡು ವರ್ಷದ ಊಟ ವಸತಿಯ ಜೊತೆಗೆ ಹಡಗಿನ ಖರ್ಚನ್ನೂ ಆ ಸಂಸ್ಥಾನವೇ ಭರಿಸಿತು.